ಹತ್ತಕ್ಕೆ ಸೊನ್ನೆ

ನನ್ನ ತಮ್ಮ ವಿಶ್ವಾಸನ ಕೈಯಿಂದ ರೈಫಲ್ ಕಸಿದುಕೊಂಡು ಕಸಬರಿಗೆ ಕೊಟ್ಟದ್ದು ಗಡಿಯಾಚೆಯ ಶತ್ರುವಲ್ಲ. ಹತ್ತು ಪ್ರಶ್ನೆಯ ಒಂದು ಹಾಳೆ. ಆ ಹಾಳೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಡುವೆ ಎಲ್ಲಾದರೂ ನಗು ಬಂದರೆ ಅದು ನನ್ನ ಅವ್ವನ ತಪ್ಪು, ನನ್ನದಲ್ಲ.

ನಾನು ಪ್ರಣಾಲಿ. ಔರಾದ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸು. ಮನೆ ಬೀದರಿನ ಚಿದ್ರಿಯಲ್ಲಿ. ಅಪ್ಪ ಗೋರಖನಾಥ ಗಾಂಧಿ ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ಹಮಾಲ. ಮೂವತ್ತೆರಡು ವರ್ಷ ತೊಗರಿ, ಕಡಲೆ, ಉದ್ದಿನ ಚೀಲ ಹೊತ್ತಿದ್ದಾನೆ. ಅವನ ಕುತ್ತಿಗೆಯ ಹಿಂದಿನ ಚರ್ಮ ಎಷ್ಟು ದಪ್ಪವಾಗಿದೆ ಎಂದರೆ ಚಿವುಟಿದರೂ ಅವನಿಗೆ ತಿಳಿಯುವುದಿಲ್ಲ. ಅವನ ಅಪ್ಪ, ಅಂದರೆ ನನ್ನ ಅಜ್ಜ, ಔರಾದ ಕಡೆಯ ಹಳ್ಳಿಯಲ್ಲಿ ಊರ ಚಾವಡಿ ಗುಡಿಸುತ್ತಿದ್ದ. ಸತ್ತ ದನ ಎಳೆಯುತ್ತಿದ್ದ. ಬೌದ್ಧನಾದ ದಿನ ಕಸಬರಿಗೆಯನ್ನು ಚಾವಡಿಯ ಮೆಟ್ಟಿಲ ಮೇಲೆ ಇಟ್ಟು, ನಮ್ಮ ಅಂಗಳ ನಾವು ಗುಡಿಸುತ್ತೇವೆ, ನಿಮ್ಮದು ನೀವು ಗುಡಿಸಿಕೊಳ್ಳಿ ಎಂದು ಹೇಳಿ ಬಂದ. ಅಜ್ಜನಿಗೆ ಕಸಬರಿಗೆ, ಅಪ್ಪನಿಗೆ ಚೀಲ, ತಮ್ಮನಿಗೆ ರೈಫಲ್. ಮೂರು ತಲೆಮಾರಿನಲ್ಲಿ ನಾವು ಏರಿದ್ದು ಇಷ್ಟೇ ಮೆಟ್ಟಿಲು. ಒಂದು ಹಾಳೆ ಬಂದು ಅಷ್ಟನ್ನೂ ಇಳಿಸಿತು.

ಆದದ್ದು ಹೀಗೆ. ವಿಶ್ವಾಸ ಇದ್ದ ತುಕಡಿಯಲ್ಲಿ ಹೋದ ವರ್ಷ ಒಬ್ಬ ಜವಾನ ತನ್ನ ಪ್ರಾಣ ತಾನೇ ತೆಗೆದುಕೊಂಡ. ಮೇಲಿನವರು ಬೈದರು. ಆಗ ಅಲ್ಲಿನ ಒಬ್ಬ ಸಾಹೇಬನಿಗೆ ಒಂದು ಉಪಾಯ ಹೊಳೆಯಿತು. ಯಾವ ಡಾಕ್ಟರನ್ನೂ ಕೇಳಲಿಲ್ಲ. ತಾನೇ ಕೂತು ಹತ್ತು ಪ್ರಶ್ನೆ ಬರೆದ. 'ಹೌದು' ಅಂದರೆ ಒಂದು ಮಾರ್ಕು, 'ಇಲ್ಲ' ಅಂದರೆ ಸೊನ್ನೆ. ಐದು ದಾಟಿದರೆ ಅಪಾಯದ ಮನುಷ್ಯ. ಇನ್ನು ಮುಂದೆ ಯಾರು ಸಾಯುತ್ತಾರೆ ಎಂಬುದು ಮೊದಲೇ ಗೊತ್ತಾಗುತ್ತದೆ ಎಂದು ಅವನ ಲೆಕ್ಕ.

ಹಾಳೆ ಹಂಚುವ ಮೊದಲೇ ಸುಬೇದಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹತ್ತಕ್ಕೂ 'ಇಲ್ಲ' ಎಂದು ಬರೆದು ಬೇಗ ಊಟಕ್ಕೆ ಹೋಗಿ ಎಂದು ಹೇಳಿದನಂತೆ. ಎಲ್ಲರೂ ಹಾಗೇ ಬರೆದರು. ನನ್ನ ತಮ್ಮ ಒಬ್ಬನೇ ಪ್ರಶ್ನೆ ಓದಿದ.

ಇಂಥ ತಪ್ಪು ನಮ್ಮ ಮನೆಯವರೇ ಮಾಡಬೇಕು. ನಮ್ಮಲ್ಲಿ ಬೆಳಿಗ್ಗೆ ಪಂಚಶೀಲ ಹೇಳದೆ ಚಹಾ ಇಲ್ಲ. ಅದರಲ್ಲಿ ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬುದು. ಸಣ್ಣವರಿದ್ದಾಗ ನಾನು ಆ ಸಾಲು ಬಂದಾಗ ಕೆಮ್ಮಿಬಿಡುತ್ತಿದ್ದೆ. ವಿಶ್ವಾಸ ಕೆಮ್ಮಲಿಲ್ಲ. ಅದೇ ಅವನ ದೋಷ.

ಕಳೆದ ತಿಂಗಳು ಸಾವಿನ ಬಗ್ಗೆ ಯೋಚಿಸಿದ್ದೀರಾ ಎಂದಿತ್ತು. ಹೌದು ಎಂದು ಬರೆದ. ಪ್ರತಿ ಹುಣ್ಣಿಮೆ ಬುದ್ಧವಿಹಾರದಲ್ಲಿ ಹಿರಿಯರ ಜೊತೆ ಕೂತು, ಈ ದೇಹ ಉಳಿಯುವುದಿಲ್ಲ ಎಂದು ಅರ್ಧ ಗಂಟೆ ನೆನೆಯುವುದು ನಮ್ಮ ಪದ್ಧತಿ. ನೆನೆದು, ಎದ್ದು, ಖೀರು ಕುಡಿದು ಮನೆಗೆ ಬರುತ್ತೇವೆ. ಅವನು ಅಲ್ಲಿ ತನ್ನ ಮಂಚದ ಮೇಲೇ ಕೂತು ಅದನ್ನು ಮಾಡುತ್ತಿದ್ದ. ದೇವರ ಮೇಲಿನ ನಂಬಿಕೆ ಹೋಗಿದೆಯೇ ಎಂದಿತ್ತು. ಇದ್ದರಲ್ಲವೇ ಹೋಗುವುದು. ಆದರೂ ಹೌದು ಎಂದು ಬರೆದ. ಭಾನುವಾರದ ಪೂಜೆಗೆ ಬರಲು ಮನಸ್ಸಾಗುವುದಿಲ್ಲವೇ? ಹೌದು. ಜೊತೆಯವರು ನಿಮ್ಮನ್ನು ತಮ್ಮವರೆಂದು ಕಾಣುವುದಿಲ್ಲ ಅನಿಸುತ್ತದೆಯೇ? ಹೌದು, ಅಡ್ಡಹೆಸರು ಕೇಳಿದ ಮೇಲೆ. ಇಷ್ಟನ್ನು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದನಂತೆ, ಮಹಾನುಭಾವ. ಒಟ್ಟು ಏಳು ಮಾರ್ಕು. ನನ್ನ ತಮ್ಮ ಜೀವನದಲ್ಲಿ ಮೊದಲ ಬಾರಿ ಇಡೀ ವರ್ಗಕ್ಕೆ ಮೊದಲನೆಯವನಾದ.

ಮರುದಿನ ರೈಫಲ್ ಹೋಯಿತು. ಹಗುರ ಕೆಲಸ ಎಂದು ಕಸಬರಿಗೆ, ಬಕೆಟ್ಟು, ಆ್ಯಸಿಡ್ ಬಾಟಲಿ ಕೊಟ್ಟರು. ಹದಿನಾರು ಪಾಯಖಾನೆ, ಎರಡು ಚರಂಡಿ. ನಾಲ್ಕು ತಿಂಗಳು. ಬೆರಳ ಸಂದು ಒಡೆದು ರಕ್ತ ಬರುತ್ತಿತ್ತು. ರೊಟ್ಟಿ ಮುರಿದರೆ ಉರಿ. ಬೇರೆ ಯಾರಾದರೂ ಏಳು ಮಾರ್ಕು ತೆಗೆದಿದ್ದರೆ ಲೈಬ್ರರಿಯಲ್ಲಿ ಕೂರಿಸುತ್ತಿದ್ದರೋ ಏನೋ. ಅವನ ಅಡ್ಡಹೆಸರಿಗೆ ಕಸಬರಿಗೆ ಸರಿಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಕಸಬರಿಗೆಯನ್ನು ಸುಬೇದಾರನ ಬಾಗಿಲಲ್ಲಿ ಇಟ್ಟ. ಹಿಂದಿಯಲ್ಲಿ ಹೇಳಿದ್ದನ್ನು ಮನೆಗೆ ಬಂದ ಮೇಲೆ ನಮ್ಮ ಮಾತಿನಲ್ಲಿ ಆಡಿ ತೋರಿಸಿದ.

"ಸಾಹೇಬ್ರ, ನಾ ಬೀಮಾರ ಇದ್ದೇನಿ ಅಂತ ನೀವೇ ಬರದೀರಿ. ಬೀಮಾರ ಮನಷ್ಯಾಗ ಔಷಧ ಕೊಡ್ರಿ. ಕಸಬರಿಗಿ ಯಾವ ಬೀಮಾರಿಗಿ ಔಷಧ ಅಂತ ಒಬ್ಬ ಡಾಕ್ಟರ್ ಬರದುಕೊಡ್ಲಿ, ಮೂರೂ ಹೊತ್ತು ಗುಡಸ್ತೇನಿ."

ಅವತ್ತೇ ಸಂಜೆ ಅವನನ್ನು ಇಪ್ಪತ್ತು ದಿನ ರಜೆ ಹಾಕಿ ಊರಿಗೆ ಕಳಿಸಿದರು. ಕಿಸೆಯಲ್ಲಿ ಇನ್ನೊಂದು ಹಾಳೆ. 'ಮನೆಯವರ ಅಭಿಪ್ರಾಯ'. ಮತ್ತೆ ಹತ್ತು ಪ್ರಶ್ನೆ. ಅದನ್ನು ಅಪ್ಪ ತುಂಬಿ ಸಹಿ ಮಾಡಬೇಕು. ಹತ್ತಕ್ಕೂ 'ಇಲ್ಲ' ಬಂದರೆ ರೈಫಲ್ ವಾಪಸ್. 'ಹೌದು' ಬಂದರೆ ನೌಕರಿಯಿಂದಲೇ ಮನೆಗೆ.

ಅಪಾಯದ ಮನುಷ್ಯ ಒಬ್ಬನೇ ಪ್ರಯಾಣ ಮಾಡುವಂತಿಲ್ಲ. ಅದಕ್ಕೆ ಜೊತೆಗೆ ಒಬ್ಬ ಕಾವಲುಗಾರ ಬಂದ. ಹೆಸರು ಕೌಶಿಕ. ಬೀದರಿನವನೇ, ಮೈಲೂರಿನವನು. ಅವನ ಅಪ್ಪ ಭಾಲಚಂದ್ರ ಮಾಸ್ತರರು, ರಿಟೈರ್ಡು. ಕೌಶಿಕನಿಗೆ ಹಾಳೆಯಲ್ಲಿ ಹತ್ತಕ್ಕೆ ಸೊನ್ನೆ. ಇಡೀ ತುಕಡಿಯಲ್ಲಿ ಇವನಷ್ಟು ಗಟ್ಟಿ ಮನಸ್ಸಿನವನಿಲ್ಲ ಎಂದು ಸುಬೇದಾರ ಬೆನ್ನು ತಟ್ಟಿ ಕಳಿಸಿದ್ದ.

ಬಂದ ದಿನವೇ ಅವನು ಅವ್ವನ ಅಡುಗೆಮನೆ ಹೊಕ್ಕು ಈಳಿಗೆಮಣೆ, ಚಾಕು, ಅಪ್ಪನ ಚೀಲದ ಕೊಕ್ಕೆ ಎಲ್ಲವನ್ನೂ ಟ್ರಂಕಿನಲ್ಲಿ ಹಾಕಿ ಬೀಗ ಜಡಿದ. ಆರ್ಡರ್ ಹಾಗಿದೆ ಎಂದ. ನನ್ನ ಅವ್ವ ಶೇವಂತಾಬಾಯಿ ಆರ್ಡರಿಗೆ ಹೆದರುವ ಹೆಂಗಸಲ್ಲ. ಹಾಗಾದರೆ ನಾಳೆಯಿಂದ ಉಳ್ಳಾಗಡ್ಡಿ ನೀನೇ ಹೆಚ್ಚಪ್ಪ ಎಂದು ಬುಟ್ಟಿ ಮುಂದಿಟ್ಟಳು. ಭಾರತದ ಸೈನಿಕ ದಿನಾ ಬೆಳಿಗ್ಗೆ ಬೀಗ ತೆಗೆದು, ಕಣ್ಣೀರು ಸುರಿಸಿ ಉಳ್ಳಾಗಡ್ಡಿ ಹೆಚ್ಚಿ, ಚಾಕು ತೊಳೆದು ಮತ್ತೆ ಬೀಗ ಹಾಕುವನು. ಮೂರನೇ ದಿನ ಅವ್ವ ಬದನೆಕಾಯಿಯನ್ನೂ ಸೇರಿಸಿದಳು.

ವಿಶ್ವಾಸ ಸ್ನಾನಕ್ಕೆ ಹೋದರೆ ಕೌಶಿಕ ಬಾಗಿಲ ಹೊರಗೆ ನಿಲ್ಲುವನು. ಎರಡು ನಿಮಿಷಕ್ಕೊಮ್ಮೆ ಇದ್ದೀಯೇನೋ ಎಂದು ಕೇಳುವನು. ಇದ್ದೇನಿ ಎಂದು ಒಳಗಿಂದ ಉತ್ತರ. ಓಣಿಯವರಿಗೂ ಅಭ್ಯಾಸವಾಯಿತು. ಪಕ್ಕದ ಮನೆಯ ಮುನ್ನಿಬೀ ಗೋಡೆಯಾಚೆಯಿಂದ, ನಿಮ್ಮ ಹುಡುಗ ಇದ್ದಾನಂತ ನೋಡವಾ, ಸಾಬೂನು ಹಚ್ಚಿಕೊಳ್ಳಲಿಕ್ಕಾದರೂ ಬಿಡರಿ ಎಂದು ಕೂಗಿ ಹೇಳಿದಳು. ಅವತ್ತು ವಿಶ್ವಾಸ ನಗುತ್ತ ನಗುತ್ತ ತಂಬಿಗೆ ಬೀಳಿಸಿದ. ಸದ್ದು ಕೇಳಿ ಕೌಶಿಕ ಬಾಗಿಲು ಒದ್ದ. ಬಾಗಿಲ ಚಿಲಕ ಕಿತ್ತು ಬಂತು. ಇಬ್ಬರೂ ಕೂತು ಅದನ್ನು ರಿಪೇರಿ ಮಾಡಿದರು.

ಭಾನುವಾರ ಅಪ್ಪ ಹಾಳೆ ಬಿಚ್ಚಿದ. ಕೌಶಿಕ ಆಗಲೇ ಪೆನ್ಸಿಲ್ಲಿನಿಂದ ಹತ್ತೂ 'ಇಲ್ಲ' ಗುರುತು ಮಾಡಿಟ್ಟಿದ್ದ. ಪೆನ್ನಿನಿಂದ ತಿದ್ದಿದರೆ ಮುಗಿಯಿತು. ಒಂಬತ್ತನೆಯದರ ಕೆಳಗೆ ಮಾತ್ರ ತುಂಬಲು ಒಂದು ಖಾಲಿ ಜಾಗ ಉಳಿದಿತ್ತು. ಮನೆಯಲ್ಲಿ ಪೂಜಿಸುವ ದೇವರ ಹೆಸರು. ಯಾವುದಾದರೂ ಒಂದು ಹಾಕಿರಿ ಎಂದ ಕೌಶಿಕ.

ಅಪ್ಪ ಪೆನ್ನು ಕೆಳಗಿಟ್ಟ. ನನ್ನಪ್ಪ ಬಿಟ್ಟು ಬಂದದ್ದನ್ನು ನಾನು ಹೊತ್ತು ತರುವುದಿಲ್ಲ ಎಂದ. ಚೀಲ ಎಷ್ಟಾದರೂ ಹೊರುತ್ತೇನೆ, ಇದನ್ನು ಹೊರಲಾರೆ. ಅವ್ವನಿಗೆ ಸಿಟ್ಟು ಬಂತು. ಮಗನ ನೌಕರಿ ಉಳಿಯುವುದಾದರೆ ನಾನು ಹತ್ತು ದೇವರ ಹೆಸರು ಬರೆಯುತ್ತೇನೆ, ಬುದ್ಧ ಏನೂ ಅಂದುಕೊಳ್ಳುವುದಿಲ್ಲ, ಅವನೂ ಒಬ್ಬ ತಾಯಿಯ ಮಗ ಎಂದಳು. ನಾನು ಯಾರ ಕಡೆ? ಅವ್ವನ ಕಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ. ಅವನ ಬೆರಳ ಸಂದಿಗೆ ದಿನಾ ಮುಲಾಮು ಹಚ್ಚುತ್ತಿದ್ದವಳು ನಾನು. ಒಂದು ಸುಳ್ಳಿಗೆ ಆ ಕೈಗೆ ರೈಫಲ್ ಬರುವುದಾದರೆ ಬರಲಿ ಎಂದೆ. ವಿಶ್ವಾಸನಿಗೆ ಆ ನೌಕರಿ ಎಷ್ಟು ಇಷ್ಟ ಎಂದು ನನಗೆ ಗೊತ್ತು. ಇಸ್ತ್ರಿ ಮಾಡಿದ ಯೂನಿಫಾರ್ಮಿನ ಫೋಟೋ ಕಳಿಸಿ, ಗೆರೆ ನೇರ ಇದೆಯೇ ನೋಡಕ್ಕ ಎಂದು ಕೇಳುವ ಹುಡುಗ.

ಹಾಳೆ ಬುದ್ಧನ ಫೋಟೋದ ಹಿಂದೆ ಹೋಯಿತು. ತೀರ್ಮಾನ ಮುಂದಕ್ಕೆ.

ಆ ವಾರ ನನ್ನ ಕಣ್ಣು ಕೌಶಿಕನ ಮೇಲೆ ಬಿತ್ತು. ನರ್ಸಿನ ಕಣ್ಣು ಅದು, ಸುಮ್ಮನಿರುವುದಿಲ್ಲ. ಮೈಲೂರು ನಮ್ಮ ಮನೆಯಿಂದ ಆಟೋದಲ್ಲಿ ಕಾಲು ಗಂಟೆ. ಒಂಬತ್ತು ದಿನವಾದರೂ ಅವನು ತನ್ನ ಮನೆಯ ಕಡೆ ಹೋಗಿರಲಿಲ್ಲ. ಕೇಳಿದರೆ ಡ್ಯೂಟಿ ಎನ್ನುವನು. ನಾವೆಲ್ಲ ನಕ್ಕಾಗ ಅವನ ನಗು ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಮೊದಲೇ ನಿಲ್ಲುವುದು. ರೊಟ್ಟಿ ಒಂದಕ್ಕೆ ಇಳಿದಿತ್ತು. ಬುಧವಾರ ತನ್ನ ಕೈಗಡಿಯಾರ ಬಿಚ್ಚಿ ಅಪ್ಪನಿಗೆ ಕಟ್ಟಿದ. ಇನ್ನು ನನಗೆ ಯಾಕೆ ಬೇಕು ಎಂದ. ಒಳ್ಳೆಯ ಗಡಿಯಾರ. ಅಪ್ಪ ಖುಷಿಯಿಂದ ಗಂಜಿನಲ್ಲಿ ಎಲ್ಲರಿಗೂ ತೋರಿಸಿ ಬಂದ. ಅವತ್ತು ರಾತ್ರಿ ನಾನು ಎರಡು ಸಲ ಎದ್ದು ಕೌಶಿಕನ ಹಾಸಿಗೆ ನೋಡಿ ಬಂದೆ.

ಇಂಥ ಪ್ರಶ್ನೆ ಕೇಳುವುದು ನನ್ನ ಕೆಲಸವೂ ಹೌದು. ಹೆರಿಗೆಯಾದ ಹೆಂಗಸರನ್ನು ನಾನು ಕೇಳಬೇಕು. ನಮಗೂ ಒಂದು ಹಾಳೆ ಕೊಟ್ಟಿದ್ದಾರೆ. ಅದನ್ನು ಬರೆದವರು ತಿಳಿದವರು, ಪ್ರಶ್ನೆ ಒಳ್ಳೆಯವೇ. ಆದರೆ ಹಾಳೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳಿದರೆ ಔರಾದಿನ ಯಾವ ಬಾಣಂತಿಯೂ ಆರಾಮ ಇದ್ದೇನೆ ಎಂದೇ ಹೇಳುತ್ತಾಳೆ. ಅತ್ತೆ ಹಿಂದೆಯೇ ನಿಂತಿರುತ್ತಾಳೆ. ಆದ್ದರಿಂದ ನಾನು ಹಾಳೆಯನ್ನು ಚೀಲದಲ್ಲೇ ಇಡುತ್ತೇನೆ. ಕೂಸಿನ ದುಪಟಿ ಮಡಚುತ್ತ ಕೂರುತ್ತೇನೆ. ಅತ್ತೆಯನ್ನು ಚಹಾ ಮಾಡಲು ಕಳಿಸುತ್ತೇನೆ. ಆಮೇಲೆ ಸುತ್ತು ಬಳಸದೆ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂದು ಜನ ಹೆದರುತ್ತಾರೆ. ಹೊಗುವುದಿಲ್ಲ. ಒಳಗೆ ಇದ್ದದ್ದು ಹೊರಗೆ ಬರುತ್ತದೆ, ಅಷ್ಟೇ.

ಗುರುವಾರ ಮಧ್ಯಾಹ್ನ ರಜೆ ಹಾಕಿದೆ. ವಿಶ್ವಾಸನನ್ನು ಅವ್ವನ ಜೊತೆ ಒಳಗೆ ಕೂರಿಸಿ, ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕಟ್ಟೆಯ ಮೇಲೆ ಕೌಶಿಕನ ಮುಂದೆ ಕೂತೆ. ಅವನೂ ಹರಳು ಆರಿಸತೊಡಗಿದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ.

"ಕೌಶಿಕ, ನಿಮಗ ಸಾಯಬೇಕು ಅನಸ್ತದೇನ್ರಿ?"

"ಇಲ್ರಿ," ಎಂದ. ತಡವೇ ಇಲ್ಲ. ಕಲಿಸಿದ ಉತ್ತರ.

"ಅದು ಸುಬೇದಾರನ ಹಾಳಿಗಿ ಆಯ್ತು. ನನಗ ಹೇಳ್ರಿ."

ಅವನ ಬೆರಳು ಬೇಳೆಯಲ್ಲಿ ನಿಂತಿತು. ಅವನು ಬಗ್ಗಿಸಿದ ತಲೆ ಎತ್ತಲಿಲ್ಲ.

"ಅನಸ್ತದ್ರಿ ಅಕ್ಕೋರ. ದಿನಾ ಅನಸ್ತದ."

ಐದು ತಿಂಗಳ ಹಿಂದೆ ಅವನ ತಾಯಿ ಅನಸೂಯಾಬಾಯಿ ಹಾಸಿಗೆ ಹಿಡಿದರು. ರಜೆ ಕೇಳಿದ. ಮಂದಿ ಕಡಿಮೆ ಎಂದರು. ಎರಡನೇ ಬಾರಿ ಕೇಳಿದ. ನಾಟಕ ಮಾಡಬೇಡ ಎಂದರು. ತಾಯಿಯ ಚಿತೆಯನ್ನು ಅವನು ಮೊಬೈಲಿನಲ್ಲಿ ನೋಡಿದ, ಕಾವಲು ಗೂಡಿನಲ್ಲಿ ನಿಂತು. ಅದಾದ ಹನ್ನೆರಡನೇ ದಿನಕ್ಕೆ ಹಾಳೆ ಬಂತು. ಹತ್ತಕ್ಕೂ 'ಇಲ್ಲ' ಬರೆದ. ಹೌದು ಎಂದು ಬರೆದ ವಿಶ್ವಾಸನಿಗೆ ಏನಾಯಿತೆಂದು ನೋಡಿದ ಮೇಲೆ ಬಾಯಿಗೆ ಇನ್ನೂ ದೊಡ್ಡ ಬೀಗ ಹಾಕಿಕೊಂಡ. ಮನೆಗೆ ಹೋಗಲು ಮುಖವಿಲ್ಲ, ಅಪ್ಪ ಕ್ಷಮಿಸುವುದಿಲ್ಲ ಎಂದ. ಹೇಳಿ ಮುಗಿಸಿ ಅತ್ತ. ಉಳ್ಳಾಗಡ್ಡಿಯ ಅಳುವಲ್ಲ.

ನಮ್ಮ ಮನೆಯ ಚಾಕು, ಕೊಕ್ಕೆ ಎಲ್ಲದರ ಬೀಗದ ಕೈ ಯಾರ ಕಿಸೆಯಲ್ಲಿತ್ತು? ಹತ್ತಕ್ಕೆ ಸೊನ್ನೆ ತೆಗೆದವನ ಕಿಸೆಯಲ್ಲಿ.

ಅವ್ವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅದು ಅವಳ ಕೆಟ್ಟ ಚಟ, ಅವತ್ತು ಉಪಯೋಗಕ್ಕೆ ಬಂತು. ಹೊರಗೆ ಬಂದು ಕೈ ಚಾಚಿದಳು. ಕೌಶಿಕ ಬೀಗದ ಕೈ ಕೊಟ್ಟ. ಇನ್ನು ಈ ಮನೆಯಲ್ಲಿ ಕಾವಲು ನನ್ನದು ಎಂದಳು. ಕೌಶಿಕ ಕೈಕಾಲು ತೊಳೆಯಲು ಹೋದಾಗ ಬಾಗಿಲ ಹೊರಗೆ ನಿಂತವನು ವಿಶ್ವಾಸ. ಇದ್ದೀಯೇನೋ ಎಂದು ಅವನು ಕೇಳಿದ. ಒಳಗಿಂದ ತಡವಾಗಿ, ಇದ್ದೇನಿ ಎಂದು ಬಂತು.

ಮರುದಿನ ಬೆಳಿಗ್ಗೆ ನಾನು ಮತ್ತು ಅಪ್ಪ ಕೌಶಿಕನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಒಂದು ತಾಸು ಮಾತಾಡಿದರು. ಗುಳಿಗೆ ಬರೆದರು. ಇವನನ್ನು ಒಬ್ಬನೇ ಬಿಡಬೇಡಿ, ಡ್ಯೂಟಿಗೆ ಈಗ ಕಳಿಸಬೇಡಿ, ವಾರಕ್ಕೊಮ್ಮೆ ಬನ್ನಿ ಎಂದು ಚೀಟಿ ಕೊಟ್ಟರು. ಅಲ್ಲಿಂದ ಸೀದಾ ಮೈಲೂರಿಗೆ.

ಭಾಲಚಂದ್ರ ಮಾಸ್ತರರು ಬಾಗಿಲು ತೆಗೆದು ಮಗನನ್ನು ನೋಡಿದರು. ನಮ್ಮನ್ನು ನೋಡಿದರು. ಒಳಗೆ ಕರೆದರು. ಚಹಾ ಬಂತು. ಯಾವ ಕಪ್ಪು ಯಾರಿಗೆ ಬರುತ್ತದೆ ಎಂದು ನೋಡುವುದು ನನ್ನ ಹಳೆಯ ಚಟ. ಎಲ್ಲ ಒಂದೇ ಜೋಡಿಯ ಕಪ್ಪು. ಅಪ್ಪ ಕುರ್ಚಿಯ ಮೇಲೆ ಸರಿಯಾಗಿ ಕೂತಿದ್ದ. ನಾನು ಎಲ್ಲ ಹೇಳಿದೆ, ಏನೂ ಮುಚ್ಚಿಡದೆ. ಮಗ ತನ್ನ ಹಾಳೆಯ ಫೋಟೋ ಮೊಬೈಲಿನಲ್ಲಿ ತೋರಿಸಿದ. ಮಾಸ್ತರರು ಕನ್ನಡಕ ಏರಿಸಿ ಹತ್ತೂ ಉತ್ತರ ಓದಿದರು. ಮೂವತ್ತೈದು ವರ್ಷ ಪೇಪರು ತಿದ್ದಿದ ಮನುಷ್ಯ.

"ಹತ್ತಕ್ಕ ಹತ್ತೂ ತಪ್ಪ ಬರದೀದಿ," ಎಂದರು. "ನಿಮ್ಮ ಅವ್ವ ಇದ್ದಿದ್ರ ಕಿವಿ ಹಿಂಡತಿದ್ಲು. ರಜಾ ಕೊಡಲಾರದವರ ಮ್ಯಾಲ ನನಗ ಸಿಟ್ಟದ. ನಿನ್ನ ಮ್ಯಾಲ ಯಾಕ ಇರ್ತದೋ?"

ಕೌಶಿಕ ನಕ್ಕ. ನಮ್ಮ ಮನೆಗೆ ಬಂದ ಮೇಲೆ ಮೊದಲ ಬಾರಿ ಅವನ ನಗು ನಮ್ಮೆಲ್ಲರ ನಗುವಿಗಿಂತ ಹೆಚ್ಚು ಹೊತ್ತು ಇತ್ತು. ಅಪ್ಪ ಗಡಿಯಾರ ಬಿಚ್ಚಿ ಟೇಬಲ್ಲಿನ ಮೇಲಿಟ್ಟ. ಗಂಜಿನ ಮಂದಿಗೆ ಏನು ಹೇಳಬೇಕೋ ಎಂದು ಗೊಣಗಿದ.

ಮನೆಗೆ ಬಂದ ಕೂಡಲೇ ನಾನು 'ಮನೆಯವರ ಅಭಿಪ್ರಾಯ' ಹೊರತೆಗೆದೆ. ಪೆನ್ಸಿಲ್ಲಿನ ಹತ್ತು 'ಇಲ್ಲ' ನನ್ನನ್ನೇ ನೋಡುತ್ತಿದ್ದವು. ಅವನ್ನು ರಬ್ಬರಿನಿಂದ ತಿಕ್ಕಿ ತೆಗೆದೆ. ಅವ್ವ ಬೇಡ ಎನ್ನಲಿಲ್ಲ. ಹಿಂದಿನ ದಿನ ಕೌಶಿಕನ ಮಾತು ಕೇಳಿದ ಮೇಲೆ ಅವಳು ದೇವರ ಹೆಸರಿನ ಮಾತನ್ನೇ ಎತ್ತಿರಲಿಲ್ಲ. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ನಾನು ಬರೆದೆ. ದೇವರ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದೆವು.

ಸಂಜೆ ಸುಬೇದಾರನ ಫೋನು ಬಂತು. ಕೌಶಿಕ ಮೊಬೈಲಿನಲ್ಲಿ ಕಳಿಸಿದ ಡಾಕ್ಟರ್ ಚೀಟಿ ಅವನಿಗೆ ತಲುಪಿತ್ತು. ವಿಶ್ವಾಸ ಫೋನನ್ನು ಸ್ಪೀಕರಿಗೆ ಹಾಕಿದ. ಸುಬೇದಾರ ಕೆಟ್ಟವನಲ್ಲ, ಹೆದರಿದವನು. ನೀನು ಹೊಸ ಹಾಳೆ ತುಂಬಿಬಿಡು, ಹಳೆಯದನ್ನು ನಾನೇ ಹರಿಯುತ್ತೇನೆ, ವಾಪಸ್ ಬಂದ ದಿನವೇ ರೈಫಲ್ ನಿನ್ನ ಕೈಯಲ್ಲಿ ಎಂದ. ನಾವೆಲ್ಲ ವಿಶ್ವಾಸನ ಮುಖ ನೋಡಿದೆವು. ಅವನು ಹಿಂದಿಯಲ್ಲಿ ಹೇಳಿದ ಈ ಮಾತನ್ನೂ ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

"ಬರಿಯಾಂಗಿಲ್ರಿ ಸಾಹೇಬ್ರ. ಖರೆ ಹೇಳದವಗ ಪಾಯಖಾನಿ ತೊಳಿಲಿಕ್ಕ ಹಚ್ಚಿದ್ರಿ. ಅದನ್ನ ನೋಡಿ ಸಾಯೂ ಮನಷ್ಯಾ ಸುಳ್ಳ ಬರದ. ನಿಮ್ಮ ಹಾಳಿ ಯಾರನ್ನೂ ಉಳಸಂಗಿಲ್ಲ. ನಾ ಬರ್ತೇನಿ. ಅದೇ ಏಳು ಉತ್ತರ ಮತ್ತ ಬರಿತೇನಿ. ಕಸಬರಿಗಿ ಮಾತ್ರ ಮುಟ್ಟಾಂಗಿಲ್ಲ. ಡಾಕ್ಟರನ್ನ ಕರಸ್ರಿ."

ನೌಕರಿ ಹೋಗುತ್ತದೆ ಎಂದ ಸುಬೇದಾರ. ಹೋಗಲಿ, ಗಂಜಿನಲ್ಲಿ ಚೀಲಕ್ಕೇನು ಬರವಿಲ್ಲ ಎಂದು ಅಪ್ಪ ಈ ಕಡೆಯಿಂದ ಹೇಳಿದ. ಸುಬೇದಾರನಿಗೆ ಕನ್ನಡ ತಿಳಿಯಲಿಲ್ಲ. ದನಿ ತಿಳಿದಿರಬೇಕು.

ರಜೆ ಮುಗಿಸಿ ವಿಶ್ವಾಸ ಒಬ್ಬನೇ ಹೋದ. ಕಾವಲಿಗೆ ಕಳಿಸಲು ಅವರ ಹತ್ತಿರ ಗಟ್ಟಿ ಮನಸ್ಸಿನವರು ಉಳಿದಿರಲಿಲ್ಲ ಎಂದು ಅವ್ವ ಓಣಿಗೆಲ್ಲ ಹೇಳಿದಳು. ಅಲ್ಲಿ ಅವನ ತೀರ್ಮಾನ ಆಗುವವರೆಗೆ ರೈಫಲ್ಲೂ ಇಲ್ಲ, ಕಸಬರಿಗೆಯೂ ಇಲ್ಲ ಎಂದು ಸುಮ್ಮನೆ ಕೂರಿಸಿದರು. ಕೌಶಿಕ ಮೈಲೂರಿನಲ್ಲಿ ಉಳಿದ. ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಿದ್ದ. ಮಧ್ಯಾಹ್ನ ನಮ್ಮ ಮನೆಗೆ ಬಂದು ಎರಡು ರೊಟ್ಟಿ ತಿನ್ನುತ್ತಿದ್ದ, ಆಮೇಲೆ ಮೂರು. ಅಪ್ಪನ ಕಟ್ಟೆಯ ಮೇಲೆ ಕೂತು ತುಕಡಿಯ ಒಬ್ಬೊಬ್ಬ ಗೆಳೆಯನಿಗೂ ಫೋನು ಮಾಡುತ್ತಿದ್ದ. ಗ್ರೂಪಿನಲ್ಲಲ್ಲ, ಒಬ್ಬೊಬ್ಬರಿಗೇ. ತನಗೆ ಏನಾಗಿತ್ತು, ಏನು ಬರೆದೆ, ಯಾಕೆ ಬರೆದೆ ಎಂದು ಹೇಳುತ್ತಿದ್ದ. ಅಷ್ಟೇ. ನೀವೂ ಹೀಗೆ ಮಾಡಿ ಎಂದು ಒಬ್ಬರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಬೆಳಿಗ್ಗೆ ನಾನು ಔರಾದಿನ ಬಸ್ಸಿನಲ್ಲಿದ್ದೆ. ನಿಂತುಕೊಂಡೇ. ವಿಶ್ವಾಸನ ಫೋನು ಬಂತು. ಮತ್ತೆ ಹಾಳೆ ಹಂಚಿದ್ದಾರೆ ಎಂದ. ನೀನೇನು ಬರೆದೆ ಎಂದೆ. ಅದೇ ಏಳು ಎಂದ. ಹಾಗಾದರೆ ನಿನ್ನ ನೌಕರಿ ಎಂದು ನಾನು ಶುರುಮಾಡುವಷ್ಟರಲ್ಲಿ ಅವನು ತಡೆದ.

"ಅಕ್ಕಾ, ಕೇಳಿಲ್ಲಿ. ಇವತ್ತ ನಾ ಒಬ್ಬನೇ ಅಲ್ಲ. ಇಪ್ಪತ್ತಮೂರು ಮಂದಿ 'ಹೌದು' ಅಂತ ಬರದಾರ. ಇಲ್ಲಿ ಅಷ್ಟು ಕಸಬರಿಗಿ ಇಲ್ಲ."

ಡಾಕ್ಟರನ್ನು ಕರೆಸಿದ್ದಾರಂತೆ. ನಿಜವಾದ ಡಾಕ್ಟರು, ಹೆಣ್ಣುಮಗಳು. ಕೈಯಲ್ಲಿ ಹಾಳೆ ಇಲ್ಲ. ಎರಡು ಕುರ್ಚಿ ಹಾಕಿಸಿಕೊಂಡು ಬೇವಿನ ಮರದ ಕೆಳಗೆ ಕೂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದಾಳೆ. ರೈಫಲ್ ಇನ್ನೂ ಸಿಕ್ಕಿಲ್ಲ, ಸಿಗುವುದೋ ಗೊತ್ತಿಲ್ಲ ಎಂದ. ಸಾಲಿನಲ್ಲಿ ಕೂತಿದ್ದೇನೆ, ನನ್ನ ಪಾಳಿ ಹನ್ನೊಂದನೆಯದು ಎಂದ. ಸಾಲಿನಲ್ಲಿ ಅವನ ಮುಂದೆ ಕೂತವನು ಯಾರು ಎಂದು ಕೇಳಿದೆ.

"ಸುಬೇದಾರ ಸಾಹೇಬ್ರು," ಎಂದ.